ಮೊರ ತೌಡಿಗೆ ಕೊಂಡ ಮಗಳು

ನಾನು ಬಡಿಗ. ಕೂರಿಗೆ, ಕುಂಟೆ, ನೇಗಿಲು, ಬಾಗಿಲ ಚೌಕಟ್ಟು, ತೊಟ್ಟಿಲು ಮಾಡುವುದು ನನ್ನ ಕಸುಬು. ಅದರ ಜೊತೆಗೆ ನಮ್ಮೂರ ಮಠದ ದಫ್ತರ ಬರೆಯುವ ಕೆಲಸವೂ ಬಹಳ ವರ್ಷ ನನ್ನ ಕೈಯಲ್ಲಿತ್ತು. ಊರಿನಲ್ಲಿ ಯಾರು ಹುಟ್ಟಿದರು, ಯಾರ ಮದುವೆ ಯಾರ ಜೊತೆ ಆಯಿತು, ಯಾರು ತೀರಿಕೊಂಡರು ಎನ್ನುವುದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕದಲ್ಲಿ ನಾನು ಬರೆದ ಮೂರು ಸಾಲುಗಳಿಂದ ಒಬ್ಬ ತಾಯಿ ಮತ್ತು ಅವಳ ಮಗಳು ಮನೆ ಕಳೆದುಕೊಂಡು ಒಬ್ಬರನ್ನೊಬ್ಬರು ಅಗಲುವ ಹಂತಕ್ಕೆ ಬಂದಿದ್ದರು. ಆ ಮೂರು ಸಾಲಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆದ್ದರಿಂದ ನಿಧಾನವಾಗಿ, ನೋಡಿದ್ದನ್ನು ನೋಡಿದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬಿಡಿಸಿ ಬರೆಯುತ್ತೇನೆ.

ನಮ್ಮೂರು ಯಲಬುರ್ಗಾ ತಾಲೂಕಿನದು. ಬೆಳಿಗ್ಗೆ ರೊಟ್ಟಿ ತಿಂದು ಹೊರಟರೆ ಬಿಸಿಲು ಏರುವುದರೊಳಗೆ ಇಟಗಿ ಮುಟ್ಟಬಹುದು. ಆಗ ನಿಜಾಮರ ರಾಜ್ಯ. ಸರಕಾರದ ಕಾಗದಗಳೆಲ್ಲ ಉರ್ದುವಿನಲ್ಲಿರುತ್ತಿದ್ದವು. ಕಚೇರಿಯಿಂದ ಬಂದ ಚೀಟಿಯನ್ನು ಓದಿಸಿಕೊಳ್ಳಲು ಜನ ಬೇರೆ ಊರಿಗೆ ಹೋಗಬೇಕಾಗುತ್ತಿತ್ತು. ನಮ್ಮ ಜನರಿಗೆ ತಮ್ಮದೇ ಮಾತಿನಲ್ಲಿ ಓದಿಸಿ ಕೇಳಲು ಸಿಗುತ್ತಿದ್ದದ್ದು ಮಠದ ದಫ್ತರ ಒಂದೇ. ಅದಕ್ಕೇ ಪಂಚರು ಕೂತಾಗ ಜಗಳ ಎಷ್ಟೇ ದೊಡ್ಡದಿರಲಿ, ಯಾರಾದರೂ ಒಬ್ಬರು "ದಫ್ತರ ತಗೀರಿ" ಎಂದರೆ ಉಳಿದವರು ಸುಮ್ಮನಾಗುತ್ತಿದ್ದರು.

ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಎಂದೇ ಕರೆಯುತ್ತಿದ್ದೆವು. ಹಳೆಯ ದಫ್ತರದವನು ತೀರಿಕೊಂಡ ಮೇಲೆ ಅಜ್ಜಾರು ಒಂದು ದಿನ ನನ್ನ ಗುಡಿಸಲಿಗೆ ಬಂದು, ನಾನು ಕೂರಿಗೆಗೆ ತೂತು ಕೊರೆಯುವುದನ್ನು ನೋಡುತ್ತ ಬಹಳ ಹೊತ್ತು ನಿಂತರು. ಬಿತ್ತುವ ಕೂರಿಗೆಯಲ್ಲಿ ಒಂದು ತೂತು ಬೆರಳಿನಷ್ಟು ಆಚೀಚೆ ಆದರೂ ಇಡೀ ಹೊಲದ ಸಾಲು ಸೊಟ್ಟಗಾಗುತ್ತದೆ. ಮಠದ ಕಟ್ಟೆಯ ಮೇಲೆ ಐಗಳು ನಡೆಸುತ್ತಿದ್ದ ಸಾಲೆಯಲ್ಲಿ ನಾನು ನಾಲ್ಕು ವರ್ಷ ಓದಿದ್ದು ಅಜ್ಜಾರಿಗೆ ಗೊತ್ತಿತ್ತು. "ತೂತು ಸಮ ಕೊರಿಯಾಂವ ಸಾಲೂ ಸಮ ಬರೀತಾನ" ಎಂದು ಹೇಳಿ ದಫ್ತರವನ್ನು ನನಗೆ ಒಪ್ಪಿಸಿದರು.

ಎಲ್ಲರಿಗೂ ಅದು ಸರಿಬರಲಿಲ್ಲ. ಮಠದ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ನನಗೆ ಕೇಳುವ ಹಾಗೆಯೇ ಹೇಳಿದರು: "ಬಡಿಗ್ಯಾನ ಕೈಯಾಗ ದಫ್ತರ ಕೊಟ್ರ, ನಾಳೆ ಉಳಿ ತಗೊಂಡು ಕೆತ್ತತಾನ ನೋಡ್ರಿ."

"ಕೆತ್ತಲಿ ಬಿಡೋ," ಎಂದರು ಅಜ್ಜಾರು. "ಕೆತ್ತಿದ್ದು ಅಳಸಾಕ ಬರಂಗಿಲ್ಲ."

ಆಮೇಲೆ ನನ್ನನ್ನು ಒಳಗೆ ಕರೆದು ಒಂದೇ ಮಾತು ಹೇಳಿದರು. "ಕಣ್ಣಿಲೆ ಕಂಡದ್ದನ್ನ ಬರಿ. ಮಂದಿ ಹೇಳಿದ್ದನ್ನ ಬರೀಬ್ಯಾಡ. ಮಂದಿ ಹೇಳೂದು ದಿನಾ ಬದಲಾಗತೈತಿ." ನಾನು ಅದನ್ನು ತಲೆಯ ಮೇಲೆ ಹೊತ್ತುಕೊಂಡೆ. ಬಹುಶಃ ಅವರು ಕೊಟ್ಟದ್ದಕ್ಕಿಂತ ಹೆಚ್ಚು ಭಾರ ಮಾಡಿಕೊಂಡು ಹೊತ್ತೆ.

ಅಂದಿನಿಂದ ಊರಿನಲ್ಲಿ ತೊಟ್ಟಿಲು ಹಾಕಿದರೆ ನಾನು ಹೋಗಬೇಕು. ಮದುವೆಯಲ್ಲಿ ಅಕ್ಕಿಕಾಳು ಬೀಳುವಾಗ ಹಂದರದ ಕಂಬದ ಹತ್ತಿರ ನಿಲ್ಲಬೇಕು. ಯಾರಾದರೂ ಹೋದರೆಂದರೆ ಮಠದ ಗಂಟೆ ಬಾರಿಸುವುದು, ಸಮಾಧಿಯ ಗುಂಡಿಯನ್ನು ಪಾದದಿಂದ ಅಳೆಯುವಾಗ ಪಕ್ಕದಲ್ಲಿದ್ದು ಎಣಿಸುವುದು, ಮಣ್ಣು ಕೊಟ್ಟು ಬಂದ ಮೇಲೆ ಸ್ನಾನ ಮಾಡಿ ದಫ್ತರ ಬಿಚ್ಚುವುದು. ನನ್ನ ಹೆಂಡತಿ ಹೇಳುತ್ತಿದ್ದಳು: "ಹುಟ್ಟಿದವರ ಮನಿಗೂ ಹೋಗ್ತೀರಿ, ಸತ್ತವರ ಮನಿಗೂ ಹೋಗ್ತೀರಿ. ನಮ್ಮ ಮನಿಗೆ ನೀವು ಬರಬೇಕಂದ್ರ ಇಲ್ಲಿ ಯಾರು ಹುಟ್ಟಬೇಕು, ಯಾರು ಸಾಯಬೇಕು ಹೇಳ್ರಿ." ಆದರೂ ನಾನು ಹೊರಡುವಾಗ ತೊಳೆದ ರುಮಾಲನ್ನು ಗೂಟಕ್ಕೆ ಹಾಕಿಟ್ಟಿರುತ್ತಿದ್ದಳು.

ನಮ್ಮ ಓಣಿಯಲ್ಲಿ ಅಣ್ಣ ತಮ್ಮ ಇಬ್ಬರ ಮನೆಯಿತ್ತು. ಹೊಲ ಪಾಲಾಗಿತ್ತು, ಮನೆಯ ನಡುವೆ ಒಂದು ಗೋಡೆ ಎದ್ದಿತ್ತು. ಅಣ್ಣನಿಗೆ ಗಂಡುಮಕ್ಕಳೇ ಐದು. ತಮ್ಮನ ಹೆಂಡತಿಗೆ ಮೂರು ಕೂಸು ಹುಟ್ಟಿ ಮೂರೂ ತಿಂಗಳು ತುಂಬುವುದರೊಳಗೆ ಹೋಗಿದ್ದವು. ಆ ಮೂರು ಹುಟ್ಟು, ಮೂರು ಸಾವು ನಾನೇ ಬರೆದಿದ್ದೆ. ಒಂದೇ ಪುಟದ ಮೇಲೆ ಎರಡು, ಅದರ ಹಿಂದಿನ ಪುಟದಲ್ಲಿ ಒಂದು. ನಾಲ್ಕನೆಯದು ಹೆಣ್ಣಾಗಿ ಹುಟ್ಟಿದಾಗ ಆ ಮನೆಯ ಮುದುಕಿ, ಅಂದರೆ ಆ ಇಬ್ಬರು ಅಣ್ಣತಮ್ಮಂದಿರ ತಾಯಿ, ಕೋಲೂರಿಕೊಂಡು ನನ್ನ ಗುಡಿಸಲಿಗೆ ಬಂದಳು.

"ಬಡಿಗೇರಪ್ಪ, ಈ ಸಲ ಹುಟ್ಟಿದ್ದು ಬರೀಬ್ಯಾಡ," ಎಂದಳು.

"ತೊಟ್ಟಿಲದಾಗ ಹಾಕಿದ ದಿನ ಬರೀತೀನಬೇ."

"ತೊಟ್ಟಿಲದಾಗ ಹಾಕಂಗಿಲ್ಲ. ತಿಪ್ಪಿಮ್ಯಾಲ ಹಾಕತೀವಿ. ನಾಳೆ ಮುಂಜಾನೆ ಬಾ. ಅದನ್ನ ಬರಿ."

ನಮ್ಮ ಕಡೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗಿನವರಿಗಾಗಿ ಹೇಳುತ್ತೇನೆ. ಒಂದರ ಹಿಂದೆ ಒಂದು ಕೂಸು ಹೋದ ಮನೆಯಲ್ಲಿ ಮುಂದಿನದು ಹುಟ್ಟಿದರೆ, ತಾಯಿ ಅದನ್ನು ಹರಕು ಬಟ್ಟೆಯಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲೆ ಇಟ್ಟು, ತಿರುಗಿ ನೋಡದೆ ಬರುತ್ತಾಳೆ. ಹೆತ್ತ ಮಕ್ಕಳೆಲ್ಲ ಉಳಿದಿರುವ ಒಬ್ಬ ಹೆಂಗಸು ಆ ದಾರಿಯಲ್ಲಿ ಸುಮ್ಮನೆ ಬಂದವಳ ಹಾಗೆ ಬಂದು ಎತ್ತಿಕೊಂಡು ತನ್ನ ಮನೆಗೆ ಒಯ್ಯುತ್ತಾಳೆ. ಆಮೇಲೆ ತಾಯಿ ಅವಳ ಬಾಗಿಲಿಗೆ ಹೊರಗಿನವಳ ಹಾಗೆ ಹೋಗಿ, ಚೌಕಾಸಿ ಮಾಡಿ, ಒಂದು ಮೊರ ತೌಡು ಕೊಟ್ಟು ಕೂಸನ್ನು ಕೊಂಡು ತರುತ್ತಾಳೆ. ಅಲ್ಲಿಂದ ಅದು ಆ ಮನೆಯಲ್ಲಿ ಹುಟ್ಟಿದ ಕೂಸಲ್ಲ, ಕೊಂಡು ತಂದದ್ದು. ಸಾವು ಹುಟ್ಟಿದ್ದನ್ನು ಹುಡುಕಿಕೊಂಡು ಬರುತ್ತದೆಯೇ ಹೊರತು ಕೊಂಡದ್ದನ್ನು ಕೇಳುವುದಿಲ್ಲ ಎಂಬ ನಂಬಿಕೆ. ಇದರಲ್ಲಿ ಒಂದೇ ಕಟ್ಟುಪಾಡು. ಇದು ಆಟ ಎಂದು ಯಾರೂ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಆಟ ಮುರಿಯುತ್ತದೆ, ಕೂಸಿಗೆ ಏನಾದರೂ ಆದರೆ ಹೇಳಿದವರ ತಲೆಗೆ ಬರುತ್ತದೆ.

ದಫ್ತರದಲ್ಲಿ ಬರೆಸುವುದು ಮಾತ್ರ ಯಾವ ಪದ್ಧತಿಯೂ ಅಲ್ಲ. ಅದು ಆ ಮುದುಕಿಯದೇ ಬುದ್ಧಿ.

"ಬಾಯಿಮಾತು ಗಾಳಿಗೆ ಹೋಗತೈತಿ. ಬರದದ್ದು ಗಟ್ಟಿ," ಎಂದಳು. "ಮ್ಯಾಲೂ ಒಬ್ಬಾಂವ ದಫ್ತರ ಇಟಗೊಂಡು ಕುಂತಾನ. ಅಂವ ಬಂದು ನಿನ್ನ ದಫ್ತರ ತಗದು ನೋಡಿದ್ರ, ಈ ಮನ್ಯಾಗ ಕೂಸ ಇಲ್ಲ ಅಂತ ತಿರುಗಿ ಹೋಗಬೇಕು."

ನಾನು ನಕ್ಕೆ. ಅವಳು ನಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದೆ. ಉತ್ತರಿ ಮಳೆ ಬಿದ್ದು ಎರೆ ಹೊಲ ಹದಕ್ಕೆ ಬಂದಿದ್ದ ಕಾಲ, ಊರೆಲ್ಲ ಜೋಳ ಬಿತ್ತುವ ಗಡಿಬಿಡಿಯಲ್ಲಿತ್ತು. ತಾಯಿ ಮೊರವನ್ನು ತಿಪ್ಪೆಯ ಅಂಚಿಗೆ ಇಟ್ಟಳು. ಎದ್ದು ನಿಂತಾಗ ಸೆರಗಿನ ತುದಿ ಮೊರಕ್ಕೆ ಸಿಕ್ಕಿಕೊಂಡಿತು. ಅದನ್ನು ಕೆಳಗೆ ನೋಡದೆಯೇ ಬಿಡಿಸಿಕೊಂಡು ಹೋದಳು. ಕೂಸು ಅಳಲಿಲ್ಲ. ಆಮೇಲೆ ಆಚೆಯ ಓಣಿಯ ಹೆಂಗಸು ಬಂದಳು. ಅವಳಿಗೆ ಏಳು ಮಕ್ಕಳು, ಏಳೂ ಗಟ್ಟಿ. ಊರಿಗೆಲ್ಲ ಕೇಳುವ ಗಂಟಲು ಅವಳದು.

"ಅಯ್ಯ ಶಿವನ! ಯಾರದಿದು ಕೂಸು? ತಿಪ್ಪಿಮ್ಯಾಲ ಒಗದು ಹೋಗ್ಯಾರಲ್ಲ! ವಾರಸುದಾರರು ಯಾರರ ಅದೀರೇನು? ಇಲ್ಲಂದ್ರ ಇದು ನನ್ನ ಕೂಸು ನೋಡ್ರಿ. ಎಂಟನೇದು. ಏಳಕ್ಕ ಇಲ್ಲದ ಅನ್ನ ಎಂಟಕ್ಕ ಎಲ್ಲಿಂದ ತರಲಿ, ಕಪ್ಪೆಮಾರಿದು!"

ಕೂಸಿನ ಮೂಗಿಗೆ ತನ್ನ ಮೂಗು ಉಜ್ಜಿ, ಬೈಯುತ್ತಲೇ ಎತ್ತಿಕೊಂಡು ಹೋದಳು. ನಾನು ಹಿಂದೆ ಹೋಗಬೇಕಾಗಿತ್ತು. ಅಷ್ಟರಲ್ಲಿ ಹೊಲದಿಂದ ಒಬ್ಬ ಓಡಿ ಬಂದು, ಬಿತ್ತುವಾಗ ಕೂರಿಗೆಯ ತಾಳು ಕಲ್ಲಿಗೆ ಬಡಿದು ಮುರಿದಿದೆ, ಎತ್ತುಗಳನ್ನು ಹಾಗೆಯೇ ನಿಲ್ಲಿಸಿ ಬಂದಿದ್ದೇನೆ ಎಂದ. ಹದ ಆರಿದರೆ ಬಿತ್ತನೆ ಹೋಯಿತು. ನಾನು ಉಳಿ ಬಾಚಿ ತೆಗೆದುಕೊಂಡು ಅವನ ಜೊತೆ ನಡೆದೆ. ತಿರುಗಿ ಬರುವಾಗ ಮಧ್ಯಾಹ್ನ ಇಳಿದಿತ್ತು. ಕೂಸು ಮನೆಗೆ ಬಂದಾಗಿತ್ತು.

ಸ್ನಾನ ಮಾಡಿ ದಫ್ತರ ಬಿಚ್ಚಿ ಹೀಗೆ ಬರೆದೆ: ಇಂಥ ಮನೆಯ ಸೊಸೆ ಊರ ಮೂಡಣ ತಿಪ್ಪೆಯ ಮೇಲೆ ಒಂದು ಹೆಣ್ಣು ಕೂಸನ್ನು ಇಟ್ಟು ಹೋದಳು. ವಾರಸುದಾರರೆಂದು ಯಾರೂ ಮುಂದೆ ಬರಲಿಲ್ಲ. ಇಂಥವಳು ಅದನ್ನು ಎತ್ತಿಕೊಂಡು, ತನ್ನ ಕೂಸೆಂದು ಹೇಳಿ, ತನ್ನ ಮನೆಗೆ ಒಯ್ದಳು.

ಸಂಜೆ ಮುದುಕಿಗೆ ಓದಿ ಹೇಳಿದೆ. "ಕೊಂಡು ತಂದದ್ದನ್ನು ನಾನು ನೋಡಿಲ್ಲ, ಬರೆಯಲು ಬರುವುದಿಲ್ಲ" ಎಂದೂ ಹೇಳಿದೆ. ಅವಳಿಗೆ ಅದೇ ಬೇಕಾಗಿತ್ತು. "ಬ್ಯಾಡ, ಬ್ಯಾಡ. ಅಷ್ಟಕ್ಕ ಬಿಡು. ತಿರುಗಿ ತಂದೀವಿ ಅಂತ ಬರದ್ರ ಅಂವ ಅದನ್ನೂ ಓದತಾನ," ಎಂದಳು. ಆ ಹೊತ್ತಿಗೆ ನನಗೆ ನನ್ನ ಸಾಲುಗಳ ಮೇಲೆ ಒಂದು ಬಗೆಯ ಹೆಮ್ಮೆಯೇ ಇತ್ತು. ಕಣ್ಣಿನಿಂದ ಕಾಣದ ಒಂದು ಮಾತೂ ಅವುಗಳಲ್ಲಿ ಇರಲಿಲ್ಲ.

ಕೂಸು ಉಳಿಯಿತು. ತೆವಳಿತು, ನಡೆಯಿತು, ಓಣಿಯ ನಾಯಿಗಳನ್ನೆಲ್ಲ ಹೆಸರಿಟ್ಟು ಕರೆಯುವಷ್ಟು ದೊಡ್ಡದಾಯಿತು. ತಾಯಿ ಅವಳನ್ನು ಒಂದು ದಿನವೂ "ನನ್ನ ಮಗಳು" ಎಂದದ್ದನ್ನು ನಾನು ಕೇಳಲಿಲ್ಲ. "ನಮ್ಮ ಕೊಂಡ ಕೂಸು" ಎನ್ನುತ್ತಿದ್ದಳು. ಹುಡುಗಿಯೂ ಯಾರಾದರೂ ಕೇಳಿದರೆ "ನಾ ಕೊಂಡಾಕಿ, ಒಂದು ಮರ ತೌಡಿಗೆ" ಎಂದು ಜಂಬದಿಂದ ಹೇಳುತ್ತಿದ್ದಳು. ಮುದುಕಿ ಮೊಮ್ಮಗಳನ್ನು ಬೆನ್ನ ಮೇಲೆ ಎರಡು ವರ್ಷ ಹೊತ್ತು ತಿರುಗಿ, ಆಮೇಲೆ ತೀರಿಕೊಂಡಳು. ತಿಪ್ಪೆಯಿಂದ ಕೂಸನ್ನು ಎತ್ತಿಕೊಂಡ ಹೆಂಗಸು ಗಂಡ ಹೋದ ಮೇಲೆ ಅಳವಂಡಿಯಲ್ಲಿದ್ದ ದೊಡ್ಡ ಮಗಳ ಮನೆಗೆ ಹೋಗಿ ನಿಂತಳು.

ಜಗತ್ತಿನಲ್ಲಿ ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ, ಸೀಮೆ ಎಣ್ಣೆ ಸಿಗುವುದೇ ಕಷ್ಟವಾಗಿದ್ದಾಗ, ಆ ಮನೆಯ ತಮ್ಮ, ಅಂದರೆ ಹುಡುಗಿಯ ಅಪ್ಪ, ಜ್ವರ ಬಂದು ಐದನೆಯ ದಿನ ಹೋದ. ಗಂಟೆ ನಾನೇ ಬಾರಿಸಿದೆ. ಗುಂಡಿಯ ಪಾದ ನಾನೇ ಎಣಿಸಿದೆ. ಹುಡುಗಿಗೆ ಆಗ ಒಂಬತ್ತು ವರ್ಷ.

ತಿಂಗಳು ಕಳೆಯುವುದರೊಳಗೆ ಅಣ್ಣ ಪಂಚರನ್ನು ಕೂಡಿಸಿದ. ಅವನು ಕೆಟ್ಟವನೆಂದು ನಾನು ಹೇಳಲಾರೆ. ಐದು ಗಂಡುಮಕ್ಕಳು, ಇಬ್ಬರಿಗೆ ಮದುವೆಯಾಗಿತ್ತು, ಅರ್ಧ ಮನೆಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಆಗಿನ ಊರ ರಿವಾಜು ಹೀಗಿತ್ತು. ಗಂಡ ಸತ್ತ ಹೆಂಗಸಿಗೆ ಆ ಮನೆಯ ಕೂಸಿದ್ದರೆ ಮನೆ ಹೊಲ ಅವಳ ಕೈಯಲ್ಲಿ ಉಳಿಯುತ್ತಿತ್ತು. ಇಲ್ಲದಿದ್ದರೆ ಉಟ್ಟ ಸೀರೆಯ ಮೇಲೆ ತವರಿಗೆ ಹೋಗಬೇಕು. ಅವಳ ತವರಿನಲ್ಲಿ ಬಾಗಿಲು ತೆಗೆಯುವವರು ಯಾರೂ ಉಳಿದಿರಲಿಲ್ಲ.

ಬೆಳಗಿನ ಹೊತ್ತು, ಮಠದ ಪಡಸಾಲೆ. ಅಜ್ಜಾರು ಆಗಲೇ ಬಹಳ ವಯಸ್ಸಾಗಿ ಗೋಡೆಗೆ ಒರಗಿ ಕೂರುತ್ತಿದ್ದರು. ತಾಯಿ ಕಂಬದ ಹತ್ತಿರ ಕೂತಿದ್ದಳು, ಹುಡುಗಿ ಅವಳ ಮೈಗೆ ಅಂಟಿಕೊಂಡು.

"ನಾ ಕೈಯಿಂದ ಒಂದು ಮಾತೂ ಹಾಕಂಗಿಲ್ರಿ," ಎಂದ ಅಣ್ಣ. "ನಮ್ಮ ತಮ್ಮಗ ಮೂರು ಕೂಸ ಹುಟ್ಟಿದ್ವು, ಮೂರೂ ಹೋದ್ವು. ಈ ಹುಡುಗಿ ಯಾರಾಕಿ ಅನ್ನೂದು ದಫ್ತರದಾಗ ಐತಿ. ದಫ್ತರ ತಗೀರಿ."

ನಾನು ತೆಗೆದೆ. ಮೂರು ಸಾಲು ಓದಿದೆ. ನನ್ನ ಅಕ್ಷರ, ನನ್ನ ಮಸಿ. ಓದುತ್ತ ಓದುತ್ತ ನನಗೆ ಅದರ ಅರ್ಥ ಮೊದಲ ಸಲ ಕೇಳಿಸಿತು. ಆಟ ಗೊತ್ತಿಲ್ಲದವನು ಅದನ್ನು ಓದಿದರೆ, ಆ ತಾಯಿ ಯಾರದೋ ಕೂಸನ್ನು ತಿಪ್ಪೆಗೆ ಎಸೆದಳು, ಇನ್ನೊಬ್ಬಳು ಅದನ್ನು ತನ್ನದೆಂದು ಒಯ್ದಳು, ಅಲ್ಲಿಗೆ ಮುಗಿಯಿತು.

ಪಂಚರಲ್ಲಿ ಹಿರಿಯರು ತಾಯಿಯ ಕಡೆ ತಿರುಗಿದರು. "ಯವ್ವಾ, ದಫ್ತರ ಇರಲಿ. ನೀ ಹೇಳು. ಈ ಹುಡುಗಿ ನಿನ್ನ ಹೊಟ್ಟ್ಯಾಗ ಹುಟ್ಟಿದ್ದು ಹೌದೋ ಅಲ್ಲೋ? ಒಂದು ಮಾತು ಸಾಕು."

ಅವಳ ತುಟಿ ತೆರೆಯಿತು. ಮಗಳ ಕಡೆ ನೋಡಿದಳು. ತುಟಿ ಮುಚ್ಚಿತು. ಹೇಳಿದರೆ ಮಗಳ ಜೀವ ಹೋಗುತ್ತದೆ, ಹೇಳದಿದ್ದರೆ ಮನೆ ಹೋಗುತ್ತದೆ. ಅವಳು ಆರಿಸಿಕೊಂಡದ್ದನ್ನು ನಾನು ನೋಡಿದೆ.

"ಕೊಂಡೀನ್ರಿ," ಎಂದಳು. "ನಾ ಕೊಂಡೀನಿ."

"ಕೇಳಿದ್ರಿಲ್ಲೋ?" ಎಂದ ಅಣ್ಣ. "ಕೊಂಡಾಳಂತ. ಯಾರ ಮುಂದ ಕೊಂಡಾಳ, ಎಲ್ಲಿ ಬರದೈತಿ? ಎತ್ತಿಕೊಂಡಾಕಿ ಅಳವಂಡ್ಯಾಗ ಅದಾಳ. ಹುಡುಗಿ ಅಲ್ಲಿಗೆ ಹೋಗಲಿ, ಇಕಿ ತವರಿಗೆ ಹೋಗಲಿ."

ಆ ಪಡಸಾಲೆಯಲ್ಲಿ ಕೂತಿದ್ದ ಪ್ರತಿಯೊಬ್ಬರೂ ಅವಳನ್ನು ಬಸುರಿಯಾಗಿ ನೋಡಿದ್ದರು. ಒಬ್ಬರೂ ಮಾತಾಡಲಿಲ್ಲ. ನಾಳೆ ಹುಡುಗಿಗೆ ಒಂದು ಕೆಮ್ಮು ಬಂದರೂ ಮಾತಾಡಿದವರ ಮನೆ ಬಾಗಿಲಿಗೆ ಆ ಮಾತು ಬರುತ್ತಿತ್ತು. ನಾನೂ ಮಾತಾಡಲಿಲ್ಲ. ಅದನ್ನೂ ಬರೆಯಬೇಕು. ಪುಸ್ತಕವನ್ನು ಎದೆಗೆ ಹಿಡಿದುಕೊಂಡು ನಿಂತಿದ್ದೆ.

ಅಜ್ಜಾರು ಕಣ್ಣು ಮುಚ್ಚಿಕೊಂಡೇ "ಎಂಟು ದಿನ ತಡೀರಿ" ಎಂದರು. ಪಂಚರು ಎದ್ದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ನಾ ಸುಳ್ಳು ಬರದಿಲ್ಲ" ಎಂದೆ.

"ಬರದಿಲ್ರಿ," ಎಂದಳು ಅವಳು, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ. "ಖರೇನ ಬರದೀರಿ, ಅರ್ಧ. ಒಂದ ಕಡಿ ಗಾಲಿ ಹಾಕಿದ ಬಂಡಿ ಯಾರರ ಒಯ್ದಾರೇನು ನಿಮ್ಮ ಕಡಿಂದ? ಅದು ಕೆಟ್ಟ ಬಂಡಿ ಅಂತ ನೀವ ಅಂತಿದ್ರಿ."

ಒಂದು ಮಾತನ್ನು ಮುಚ್ಚಿಡುವುದಿಲ್ಲ. ಆ ಮೂರು ಸಾಲಿನ ಕೆಳಗೆ ನಾಲ್ಕನೆಯ ಸಾಲು ಹಿಡಿಯುವಷ್ಟು ಜಾಗವಿತ್ತು. ಮಸಿಗೆ ಸ್ವಲ್ಪ ನೀರು ಬೆರೆಸಿದರೆ ಹಳೆಯದರ ಹಾಗೆ ಕಾಣುತ್ತಿತ್ತು, ಓದುವಾಗ ಕಣ್ಣು ತಪ್ಪಿತು ಎಂದು ಹೇಳಿದರಾಗುತ್ತಿತ್ತು. ದಫ್ತರ ನನ್ನ ಮುಂದೆ ಬಿಚ್ಚಿಯೇ ಇತ್ತು. ಲೇಖಣಿಯನ್ನು ಅದ್ದಿಯೂ ಇದ್ದೆ. ಆದರೆ ಅದನ್ನು ಬರೆದಿದ್ದರೆ ಆ ತಾಯಿ ಉಳಿದ ಜೀವಮಾನವೆಲ್ಲ ನನ್ನ ಕಳ್ಳ ಸಾಲಿನ ಮೇಲೆ ಸಂಸಾರ ಮಾಡಬೇಕಾಗುತ್ತಿತ್ತು. ಲೇಖಣಿ ಒರೆಸಿಟ್ಟು ಮಠಕ್ಕೆ ಹೋದೆ.

"ಅಜ್ಜಾರ, ಕೊಂಡದ್ದು ನಾ ನೋಡಿಲ್ರಿ. ನೋಡದ್ದು ಬರೀಬ್ಯಾಡ ಅಂತ ನೀವ ಹೇಳೀರಿ."

ಗೋಡೆಗೆ ಒರಗಿದ್ದವರು ನನ್ನ ಕಡೆ ತಿರುಗಿದರು. "ಬರೀಬ್ಯಾಡ ಅಂದೆ. ಕೇಳಬ್ಯಾಡ ಅಂದಿದ್ನೇನು? ನೋಡಿದಾಕಿ ಇನ್ನೂ ಅದಾಳಲ್ಲೋ. ಹೋಗು."

ಮರುದಿನ ಬೆಳಕು ಹರಿಯುವಾಗ ಹೊರಟು ಅಳವಂಡಿ ಮುಟ್ಟಿದಾಗ ಬಿಸಿಲು ನೆತ್ತಿ ದಾಟಿತ್ತು. ಆ ಹೆಂಗಸು ಮಗಳ ಮನೆಯ ಕಟ್ಟೆಯ ಮೇಲೆ ಕೂತು ಕುಸುಬಿ ಹಸನು ಮಾಡುತ್ತಿದ್ದಳು. ಹಲ್ಲು ಹೋಗಿದ್ದವು, ಗಂಟಲು ಹಾಗೆಯೇ ಇತ್ತು.

"ಯಾಕೋ ಬಡಿಗೇರಪ್ಪ, ನನ್ನ ಸಾವು ಬರಕೊಳ್ಳಾಕ ಮದಲ ಬಂದ್ಯಾ? ಇನ್ನೂ ತಡ ಐತಿ, ನೀರ ಕುಡಿ."

ನಾನು ನೀರು ಕುಡಿದು ಎಲ್ಲ ಹೇಳಿದೆ. ಅವಳ ಕೈ ಮೊರದ ಮೇಲೆ ನಿಂತಿತು.

"ಕಪ್ಪೆಮಾರಿನ್ನ ಇಲ್ಲಿಗೆ ಕಳಸ್ತಾರಂತ?" ಎಂದಳು. "ನಾ ಮಾರೀನೆಪ್ಪ. ಖರೇನ ಮಾರೀನಿ. ಅಕಿ ತೌಡು ತಂದಾಗ ಮರ ತುಂಬಿರಲಿಲ್ಲ, ತಿರುಗಿ ಕಳಸಿ ತುಂಬಿಸಿಕೊಂಡೀನಿ. ಅಳಕೋತ ಹೋಗಿ ಅಳಕೋತ ತಂದ್ಲು. ನೀ ಎಲ್ಲಿದ್ದಿ?"

"ಕೂರಿಗಿ ಮುರದಿತ್ತು. ಹೊಲಕ್ಕ ಹೋಗಿದ್ದೆ."

"ಮತ್ತ ಹಂಗ ಬರೀಬೇಕಿಲ್ಲೋ, ನಾ ಹೊಲಕ್ಕ ಹೋಗಿದ್ದೆ ಅಂತ!"

ಹದಿನೈದು ವರ್ಷ ದಫ್ತರ ಬರೆದವನಿಗೆ ಆ ಮಾತು ಹೊಳೆದಿರಲಿಲ್ಲ. ಅವಳೇ ಪಂಚರ ಮುಂದೆ ಬಂದು ಹೇಳಬೇಕೆಂದು ಕೇಳಿಕೊಂಡೆ. ಆಟ ಮುರಿದೀತೆಂದು ಅವಳಿಗೂ ಅದೇ ಹೆದರಿಕೆ.

"ಹುಡುಗಿಗೆ ಹಾಲಹಲ್ಲು ಬಿದ್ದಾವೇನು?" ಎಂದು ಕೇಳಿದಳು.

"ನಾ ನೋಡಿಲ್ಲ."

"ಏನ ನೋಡೀಯೋ ನೀನು!" ಎಂದು ಬೈದು, ಕುಸುಬಿಯ ಮೊರವನ್ನು ಮಗಳ ಕಡೆ ತಳ್ಳಿ, ಪಂಚರು ಕೂಡುವ ದಿನಕ್ಕೆ ಬಂಡಿ ಹೂಡಬೇಕೆಂದು ಅಳಿಯನಿಗೆ ಕೂಗಿ ಹೇಳಿದಳು.

ಎಂಟನೆಯ ದಿನ ಪಡಸಾಲೆಯಲ್ಲಿ ಮೊದಲಿಗಿಂತ ಹೆಚ್ಚು ಜನ. ಅಜ್ಜಾರು ಮಾತು ಶುರುಮಾಡುವ ಮೊದಲೇ ನಾನು ಎದ್ದು ನಿಂತೆ. ಹೇಳಿದ್ದು ಇಷ್ಟು: "ನಾ ಓದಿದ ಮೂರು ಸಾಲು ಖರೆ. ಆದ್ರ ಅವು ಅರ್ಧ. ಆ ದಿನ ನಾ ಮಧ್ಯಾಹ್ನದ ತನಕ ಊರಾಗ ಇರಲಿಲ್ಲ. ನನ್ನ ಹಿಂದ ಏನಾತು ಅಂತ ನಾ ನೋಡಿಲ್ಲ, ಕೇಳಿಲ್ಲ, ಬರದಿಲ್ಲ. ತಪ್ಪು ನನ್ನದು."

"ಹಂಗಾರ ಉಳದದ್ದೂ ಅರ್ಧಾನ ಇರಬೇಕು!" ಎಂದು ಯಾರೋ ಹಿಂದಿನಿಂದ ಕೂಗಿದರು. "ದಫ್ತರ ಬಾವ್ಯಾಗ ಒಗೀರಿ!"

"ಇದ್ರ ಇರಬಹುದು," ಎಂದೆ. "ನಿಮ್ಮ ಮನಿ ಸಾಲು ನಿಮ್ಮ ಮುಂದ ಓದತೀನಿ. ಅರ್ಧ ಇದ್ರ ಹೇಳ್ರಿ."

ಅಷ್ಟರಲ್ಲಿ ಅಳವಂಡಿಯ ಹೆಂಗಸು ಯಾರೂ ಕರೆಯದೆ ನಡುವೆ ಬಂದಳು. ತೌಡಿನ ಕತೆಯನ್ನು, ಮೊರ ತುಂಬಿರಲಿಲ್ಲವೆಂಬುದನ್ನೂ ಸೇರಿಸಿ, ಮೊದಲಿನಿಂದ ಹೇಳಿದಳು.

"ತೌಡು ಏನ ಮಾಡಿದಿ?" ಎಂದು ಪಂಚರಲ್ಲಿ ಒಬ್ಬರು ಕೇಳಿದರು.

"ನಮ್ಮ ಎಮ್ಮಿ ತಿಂತು. ಎಮ್ಮಿ ಸತ್ತೈತಿ. ಇದ್ದಿದ್ರ ಅದನ್ನೂ ಸಾಕ್ಷಿಗೆ ಕರಕೊಂಡು ಬರ್ತಿದ್ದೆ."

ಜನ ನಕ್ಕರು. ಎಂಟು ದಿನದಲ್ಲಿ ಆ ಪಡಸಾಲೆಯಲ್ಲಿ ಕೇಳಿದ ಮೊದಲ ನಗು ಅದು. ಅಣ್ಣ ನಗಲಿಲ್ಲ. "ಕೊಂಡದ್ದು ಖರೇನ ಇರಲಿ," ಎಂದ. "ಕೊಂಡ ಎಮ್ಮಿ ಮನ್ಯಾಗ ಇದ್ರ ಮನಿ ಮಗಳಾಗತೈತೇನು?"

ಅವಳು ಅವನಿಗೆ ಉತ್ತರ ಕೊಡಲಿಲ್ಲ. ಹುಡುಗಿಯನ್ನು ಹತ್ತಿರ ಕರೆದು, ಎತ್ತು ಕೊಳ್ಳುವವರು ನೋಡುವ ಹಾಗೆ ಗಲ್ಲ ಹಿಡಿದು ಬಾಯಿ ತೆರೆಸಿ, ಬೆಳಕಿನ ಕಡೆ ತಿರುಗಿಸಿ ನೋಡಿದಳು. ಮುಂದಿನ ಹಲ್ಲುಗಳು ಬಿದ್ದು ಹೊಸವು ಅಗಲವಾಗಿ ಬಂದಿದ್ದವು. ಅದನ್ನು ನಾನು ಈ ಸಲ ನೋಡಿದೆ.

"ಹಾಲಹಲ್ಲು ಹೋಗ್ಯಾವ. ಅದರ ಜೋಡಿ ಅದರ ಗಂಡಾಂತರಾನೂ ಹೋತು," ಎಂದು ತಾಯಿಯ ಮುಂದೆ ಹೋಗಿ ನಿಂತಳು. "ಏ ತಂಗಿ, ಎತ್ತಿಕೊಂಡಾಕಿ ನಾನು, ಮಾರಿದಾಕಿ ನಾನು. ಬಾಯಿ ಕಟ್ಟಿದಾಕಿ ನಾನು, ಬಿಚ್ಚೂದೂ ನಂದ. ಇವತ್ತು ಬಿಚ್ಚೀನಿ. ಏನರ ಬಂದ್ರ ನನ್ನ ತಲಿಗೆ ಬರಲಿ, ನನಗ ವಯಸ್ಸೂ ಆಗೇತಿ. ಹೇಳು."

ತಾಯಿ ಕಂಬವನ್ನು ಹಿಡಿದು ಎದ್ದಳು. ಸೀದಾ ಅಜ್ಜಾರ ಕಡೆ ನೋಡಿ ಹೇಳಿದಳು. ಧ್ವನಿ ಬಹಳ ಸಣ್ಣದಿತ್ತು, ಆದರೆ ನಾನು ನಿಂತಲ್ಲಿಗೆ ಕೇಳಿಸಿತು.

"ನನ್ನ ಮಗಳ್ರಿ. ನಾ ಹಡದೀನಿ."

ಹೇಳಿದವಳೇ ಕೂತು ಮಗಳ ತಲೆ, ಕೈ, ಬೆನ್ನು ಮುಟ್ಟಿ ಮುಟ್ಟಿ ನೋಡಿದಳು. ಹುಡುಗಿಗೆ ಏನೂ ಆಗಿರಲಿಲ್ಲ. ಅವಳು ಕಚಗುಳಿಯಾಗಿ ಕೊಸರಿಕೊಂಡಳು. ಆಗ ಹಿಂದಿನಿಂದ ಒಬ್ಬೊಬ್ಬರೇ ಹೆಂಗಸರು ಬಾಯಿ ತೆರೆದರು. ಒಬ್ಬಳು ಬಯಕೆಯ ಊಟಕ್ಕೆ ತಾನು ಕಡಬು ಒಯ್ದಿದ್ದೆ ಎಂದಳು. ಹೊಕ್ಕುಳ ಬಳ್ಳಿ ಕೊಯ್ದವಳು ನಾನು ಎಂದು ಇನ್ನೊಬ್ಬಳು. ಇವರೆಲ್ಲ ಎಂಟು ದಿನದ ಹಿಂದೆಯೂ ಇದೇ ಊರಿನಲ್ಲಿದ್ದವರು.

ಅಣ್ಣ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ ಅವನೇ ಹೇಳಿದ: "ನನಗ ಗೊತ್ತಿದ್ದಿಲ್ಲೇನ್ರಿ? ನಮ್ಮವ್ವ ಮೊಮ್ಮಗಳ್ನ ಹ್ಯಾಂಗ ಎತ್ತಿ ಆಡಿಸ್ತಿದ್ಲು ಅನ್ನೂದು ನೋಡೀನಿ. ದಫ್ತರ ಹಂಗ ಅಂತು, ನಾ ಅದರ ಮರೀಗೆ ನಿಂತೆ." ಅವನನ್ನು ನಾನು ಏನೂ ಅನ್ನಲಾರೆ. ಎಂಟು ದಿನದ ಹಿಂದೆ ನಾನೂ ಅದರ ಮರೆಯಲ್ಲೇ ನಿಂತಿದ್ದೆ.

ಹುಡುಗಿ ಆ ಮನೆಯವಳು, ಮನೆ ಹೊಲ ತಾಯಿಯ ಕೈಯಲ್ಲಿ ಇರಬೇಕು ಎಂದು ಪಂಚರು ಹೇಳಿದರು. ಅಜ್ಜಾರು ನನಗೆ ಬರೆಯಲು ಹೇಳಿದರು. ಹಳೆಯ ಸಾಲುಗಳನ್ನು ಹೊಡೆದುಹಾಕಲಿಲ್ಲ. ಹೊಸ ಪುಟದಲ್ಲಿ, ಆ ದಿನದ ತಿಥಿ ಹಾಕಿ, ಎಲ್ಲರ ಕಣ್ಣ ಮುಂದೆ ಬರೆದೆ: ಇದನ್ನು ನಾನು ನೋಡಿಲ್ಲ. ಆಗ ನಾನು ಹೊಲದಲ್ಲಿದ್ದೆ. ನೋಡಿದವಳು, ಮಾಡಿದವಳು ಹೇಳಿದ ಪ್ರಕಾರ, ಕೂಸನ್ನು ಹೆತ್ತ ತಾಯಿಯೇ ಅದೇ ದಿನ ಮರಳಿ ಒಯ್ದಳು. ಅಳವಂಡಿಯ ಹೆಂಗಸು ಅದರ ಕೆಳಗೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ನನ್ನ ರುಮಾಲಿಗೆ ಒರೆಸಿದಳು.

ಮುಂದಿನ ಎರಡು ತಿಂಗಳು ಮಠದ ಕಟ್ಟೆಯ ಮೇಲೆ ಕೂತು ಮನೆಮನೆಯ ಸಾಲು ಓದಿದೆ. ಬೈಸಿಕೊಂಡದ್ದೂ ಉಂಟು. ಅರ್ಧವಾಗಿದ್ದವು ಇನ್ನೂ ಕೆಲವು ಸಿಕ್ಕವು, ಅವನ್ನೂ ಹೀಗೆಯೇ ತುಂಬಿದೆ. ದಫ್ತರವನ್ನು ಬಾವಿಗೆ ಎಸೆಯಿರಿ ಎಂದವನು ತನ್ನ ಮದುವೆಯ ಸಾಲನ್ನು ಎರಡು ಸಲ ಓದಿಸಿಕೊಂಡು ಕೇಳಿ ಹೋದ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಹೊಸ ನೊಗವನ್ನು ಹೆಗಲ ಮೇಲೆ ಹೊತ್ತು ಆ ಓಣಿಯಲ್ಲಿ ಹೋಗುತ್ತಿದ್ದೆ. ಹುಡುಗಿ ಬಾವಿಯಿಂದ ತಂದ ಕೊಡವನ್ನು ಹೊಸ್ತಿಲಲ್ಲಿ ಎಡವಿ ಬೀಳಿಸಿದ್ದಳು. ನೀರು ಓಣಿಗೆ ಹರಿದು ಬಂದಿತ್ತು, ಕೊಡ ಉರುಳಿ ಗೋಡೆಗೆ ಬಡಿದಿತ್ತು. ಒಳಗಿನಿಂದ ತಾಯಿ ಬೈಯುವುದು ಕೇಳಿಸಿತು. ಊರಿನ ಎಲ್ಲ ತಾಯಂದಿರೂ ದಿನಕ್ಕೆ ನಾಲ್ಕು ಸಲ ಬೈಯುವ ಬೈಗುಳವೇ. ಆ ಮನೆಯಿಂದ ಮಾತ್ರ ಅದನ್ನು ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ನನ್ನ ಹೊಟ್ಟ್ಯಾಗ ಹುಟ್ಟಿ ಹಿಂಗ ಮಾಡತಿಯಲ್ಲ, ಮೂಳಿ! ನನ್ನ ಹೊಟ್ಟ್ಯಾಗ ಹುಟ್ಟಿ!"

ಗೋಡೆಯಾಚೆಯ ಅರ್ಧ ಮನೆಯಲ್ಲಿ ರೊಟ್ಟಿ ತಟ್ಟುವ ಸಪ್ಪಳ ನಿಂತಿತು, ಮತ್ತೆ ಶುರುವಾಯಿತು. ಹುಡುಗಿ ಕೊಡ ಎತ್ತಿಕೊಂಡು ಬಾವಿಯ ಕಡೆ ಓಡಿದಳು. ತಾಯಿ ಬಾಗಿಲಿಗೆ ಬಂದು, ಅವಳು ತಿರುವು ದಾಟುವ ತನಕ, ಅದನ್ನೇ ಕೂಗಿ ಕೂಗಿ ಬೈಯುತ್ತಿದ್ದಳು.